ಅಪ್ಪನ ಬಾಸ್ ಗಿಟಾರು, ಅಮ್ಮನ ಬೆಜವಾಡ

ವಿಶಾಖಪಟ್ಟಣದ ಗಾಜುವಾಕದ ನಮ್ಮ ಬಾಡಿಗೆ ಮನೆಯಲ್ಲಿ ಊಟಕ್ಕೆಂದು ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿದರೆ ಹಿಂದಿನ ವರಾಂಡ. ಅದರ ಒಂದು ತುದಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ತುದಿಯಲ್ಲಿ ಚಾಪೆ. ಆ ಚಾಪೆಯ ಮೇಲೆ ಕೂತು ನಾವು ಮೂವರೂ ಉಣ್ಣುತ್ತಿದ್ದೆವು. ಅಪ್ಪ ಉಕ್ಕಿನ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಎಂಜಿನಿಯರು, ಅಮ್ಮ ಬ್ಯಾಂಕಿನಲ್ಲಿ ಕ್ಲಾರ್ಕು. ಇಬ್ಬರೂ ಅರಸೀಕೆರೆ ಕಡೆಯವರು. ಕಾರ್ಖಾನೆ ಇನ್ನೂ ಅರ್ಧ ಕಟ್ಟಿದ್ದ ದಿನಗಳಲ್ಲಿ ಅಪ್ಪ ವಿಶಾಖಪಟ್ಟಣಕ್ಕೆ ಬಂದ. ಹಿಂದೆಯೇ ಅಮ್ಮ ವರ್ಗ ಮಾಡಿಸಿಕೊಂಡು ಬಂದಳು, ಅವಳ ಕಂಕುಳಲ್ಲಿ ನಾನು. ಅಮ್ಮನಿಗೆ ಬಡ್ತಿ ಸಿಕ್ಕಿದ ಸುದ್ದಿ ನನಗೆ ಗೊತ್ತಾದದ್ದು ಆ ಚಾಪೆಯ ಮೇಲೆಯೇ, ಸಾರನ್ನಕ್ಕೂ ಮಜ್ಜಿಗೆ ಅನ್ನಕ್ಕೂ ನಡುವೆ. ಆಗ ನನಗೆ ಹತ್ತು ವರ್ಷ ಇರಬಹುದು.

“ಆಫೀಸರ್ ಪೋಸ್ಟು ಕೊಟ್ಟಿದಾರೆ. ಆದ್ರೆ ವಿಜಯವಾಡಕ್ಕೆ ಹೋಗ್ಬೇಕು,” ಅಂದಳು ಅಮ್ಮ.

“ಹೂಂ,” ಅಂದ ಅಪ್ಪ.

“ಬೇಡ ಅಂದ್ರೆ ಇಲ್ಲೇ ಕ್ಲಾರ್ಕಾಗಿ ಇರಬಹುದು. ಏನ್ರೀ ಮಾಡ್ಲಿ?”

“ನಿನ್ನಿಷ್ಟ.”

ಅಷ್ಟೇ. ಅಪ್ಪ ಮಜ್ಜಿಗೆ ಹಾಕಿಸಿಕೊಂಡ. ಅಮ್ಮ ಸೌಟನ್ನು ಪಾತ್ರೆಯೊಳಗೆ ಇಟ್ಟು, ಇನ್ನೇನಾದರೂ ಹೇಳುತ್ತಾನೋ ಎಂದು ಅವನ ಮುಖವನ್ನೇ ನೋಡಿದಳು. ಆಮೇಲೆ ನನ್ನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು. ನಮ್ಮ ಮನೆಯಲ್ಲಿ ಜಗಳ ಅಂದರೆ ಹೀಗೆ. ಪಕ್ಕದ ಮನೆಯವರು ಜಗಳವಾಡಿದರೆ ತಟ್ಟೆ ಲೋಟ ಬೀದಿಗೆ ಬರುತ್ತಿದ್ದವು, ಸಂಜೆ ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಸಿನಿಮಾಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಏನೂ ಒಡೆಯುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಮ್ಮ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಬ್ಬರಿಗೆ ಆಗುವಷ್ಟು ಪಾತ್ರೆ ತೆಗೆದುಕೊಂಡು ವಿಜಯವಾಡದ ರೈಲು ಹತ್ತಿದಳು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನು ಅಳಲಿಲ್ಲ. ಬಸ್ ಸ್ಟಾಪಿನಲ್ಲಿ ಅಪ್ಪ ಹುರಿದ ಬಟಾಣಿ ಕೊಡಿಸಿದ. ಪೊಟ್ಟಣ ಖಾಲಿಯಾಗುವವರೆಗೂ ತಿಂದೆ.

ಮನೆ ನೋಡಿಕೊಳ್ಳಲು ಅರಸೀಕೆರೆಯಿಂದ ಅಪ್ಪನ ತಾಯಿ ಬಂದಳು. ಅಜ್ಜಿಗೆ ತೆಲುಗು ಬಾರದು, ಕಲಿಯುವ ಮನಸ್ಸೂ ಇಲ್ಲ. ನನಗೋ ಶಾಲೆಯಲ್ಲಿ, ಬೀದಿಯಲ್ಲಿ, ಕನಸಿನಲ್ಲೂ ತೆಲುಗೇ. ಮರೆತು ತೆಲುಗಿನಲ್ಲಿ ಉತ್ತರ ಕೊಟ್ಟರೆ, “ಕನ್ನಡದಲ್ಲಿ ಹೇಳೇ ಸುಮಿ, ನನ್ನ ಕಿವಿ ಇನ್ನೂ ಅರಸೀಕೆರೇಲೇ ಇದೆ,” ಅನ್ನುತ್ತಿದ್ದಳು. ಗೋಂಗುರ ಸೊಪ್ಪನ್ನು ಮೊದಲ ವಾರ ಮುಟ್ಟಲಿಲ್ಲ. ಎರಡನೇ ತಿಂಗಳಿಗೆ ಅದರಲ್ಲೇ ಬಸ್ಸಾರು ಮಾಡಿದಳು. ಮಾತಾಡದ ಮನೆಗೆ ಬಂದು ಅವಳೊಬ್ಬಳೇ ಮೂವರ ಪಾಲಿನದನ್ನೂ ಮಾತಾಡಿದಳು. ಅಪ್ಪ ಕೆಲಸದಿಂದ ಬಂದು ಕಾಫಿ ಕುಡಿದು ವರಾಂಡದಲ್ಲಿ ಸುಮ್ಮನೆ ಕೂರುತ್ತಿದ್ದ. ಅಮ್ಮ ಇದ್ದಾಗಲೂ ಹಾಗೇ ಕೂರುತ್ತಿದ್ದನೋ ಏನೋ, ಆಗ ನಾನು ಗಮನಿಸಿರಲಿಲ್ಲ.

ಆ ಮಳೆಗಾಲದಲ್ಲಿ ಮನೆಗೆ ಮೊದಲ ಬಾಸ್ ಗಿಟಾರು ಬಂತು. ಕಾರ್ಖಾನೆಯ ಕೆಲಸಕ್ಕೆ ರಷ್ಯಾದಿಂದ ಬಂದಿದ್ದ ಎಂಜಿನಿಯರುಗಳಲ್ಲಿ ಒಬ್ಬರು ಊರಿಗೆ ಮರಳುವಾಗ ಬಿಟ್ಟುಹೋದದ್ದು, ಕ್ಲಬ್ಬಿನ ಸ್ಟೋರ್ ರೂಮಿನಲ್ಲಿ ಹಳೇ ಕುರ್ಚಿಗಳ ಕೆಳಗೆ ಬಿದ್ದಿತ್ತಂತೆ. ಅಪ್ಪ ತನ್ನ ಕೇರಂ ಬೋರ್ಡನ್ನು ಕ್ಲಬ್ಬಿಗೆ ಕೊಟ್ಟು ಅದನ್ನು ತಂದ. ಕಾಲೇಜಿನಲ್ಲಿದ್ದಾಗ ಅವನು ಗೆಳೆಯರ ಆರ್ಕೆಸ್ಟ್ರಾದಲ್ಲಿ ಬಾಸ್ ಬಾರಿಸುತ್ತಿದ್ದನೆಂದು ನನಗೆ ಗೊತ್ತಾದದ್ದೇ ಆವತ್ತು. ಒನಕೆಯಷ್ಟು ಭಾರದ ವಾದ್ಯ. ಕಡುಗೆಂಪು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ನಾಲ್ಕು ದಪ್ಪ ತಂತಿಗಳಲ್ಲಿ ಎರಡು ತುಕ್ಕು ಹಿಡಿದಿದ್ದವು, ಇನ್ನೆರಡು ಇರಲೇ ಇಲ್ಲ. ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ವೈರು ಸಿಕ್ಕಿಸುವ ಕಡೆ ಹಳೇ ಟೇಪ್ ರೆಕಾರ್ಡರಿನ ಹಾಗೆ ಐದು ತೂತಿನ ಸಾಕೆಟ್ಟು. ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಬಂದಳು.

“ಇದೇನೋ ನಾಗೂ, ತಂಬೂರಿ ಹೆಣ?”

“ಬಾಸ್ ಗಿಟಾರು ಅಮ್ಮ.”

“ಮನೇಲಿ ಮಾತಾಡೋ ಜನ ಇಲ್ಲ ಅಂತ ಇದನ್ನ ತಂದ್ಯಾ?”

ಅಪ್ಪ ಅದನ್ನು ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಊಟದ ತಟ್ಟೆಯಲ್ಲಿ ಹಾಕಿದ. ಅಂದಿನಿಂದ ನಮ್ಮ ಊಟ ಅಡುಗೆಮನೆಯೊಳಗೆ, ವರಾಂಡ ಅಪ್ಪನದು. ಬಾಸಿನ ಕತ್ತಿನೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ಅದನ್ನು ಕೀಲಿಯಿಂದ ದಿನಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಮರಕ್ಕೆ ಸುಧಾರಿಸಿಕೊಳ್ಳಲು ಬಿಟ್ಟು, ಮಾರನೇ ದಿನ ಮತ್ತೆ ತಿರುಗಿಸುತ್ತಿದ್ದ. ಬೆರಳಿಗೆ ಚುಚ್ಚುತ್ತಿದ್ದ ಹಿತ್ತಾಳೆ ಪಟ್ಟಿಗಳನ್ನು ಅರದಿಂದ ಉಜ್ಜಿ ನಯ ಮಾಡಿದ. ಮೈಯ ಬಣ್ಣವನ್ನು ಮರಳು ಕಾಗದದಲ್ಲಿ ಕೆರೆದು, ಅರಗಿನ ಪಾಲಿಶನ್ನು ಬಟ್ಟೆ ಉಂಡೆಯಿಂದ ಬಳಿದ. ಹಳೇ ತಂತಿಗಳನ್ನು ಎಸೆಯಲಿಲ್ಲ. ಒಂದು ಭಾನುವಾರ ಅಜ್ಜಿ ಪೂಜೆ ಮುಗಿಸಿ ಬಂದು ನೋಡಿದರೆ, ಒಲೆಯ ಮೇಲೆ ಅವಳ ಹುಳಿ ಪಾತ್ರೆಯಲ್ಲಿ ತಂತಿಗಳು ಸುರುಳಿ ಸುತ್ತಿಕೊಂಡು ಕುದಿಯುತ್ತಿದ್ದವು.

“ಅಯ್ಯೋ, ಹಾವಿನ ಮರಿ ಬೇಯಿಸ್ತಿದೀಯೇನೋ?”

“ಕುದಿಸಿದ್ರೆ ಕೊಳೆ ಬಿಡುತ್ತೆ. ದನಿ ತೆರೆಯುತ್ತೆ.”

“ಅದಕ್ಕೆ ನನ್ನ ಹುಳಿ ಪಾತ್ರೆನೇ ಬೇಕಿತ್ತಾ? ತಂತಿ ಬೇಯಿಸೋಕೆ ಇಷ್ಟು ಹೊತ್ತು ಒಲೆ ಮುಂದೆ ನಿಲ್ತೀಯ. ಒಂದಿನ ಹೋಗಿ ಹೆಂಡ್ತೀನ ಕರ್ಕೊಂಡು ಬರೋಕೆ ಆಗಲ್ವೇನೋ ನಿನಗೆ?”

ಅಪ್ಪ ತಂತಿಗಳನ್ನು ಇಕ್ಕಳದಲ್ಲಿ ಎತ್ತಿ ಟವೆಲ್ಲಿನಲ್ಲಿ ಒರೆಸಿದ. ಅಜ್ಜಿ ಆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಕೊನೆಗೆ ಅದನ್ನು ವರಾಂಡಕ್ಕೇ ಬಿಟ್ಟುಕೊಟ್ಟಳು. ಆಯುಧಪೂಜೆಗೆ ಮಾತ್ರ ಯಾರೂ ಹೇಳದೆ ಬಾಸಿನ ಹೊಟ್ಟೆಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದಳು.

ಸರಿಯಾದ ಮೇಲೆ ಆ ರಷ್ಯಾದ ಬಾಸನ್ನು ಅಪ್ಪ ಒಂದು ವಾರವೂ ಬಾರಿಸಲಿಲ್ಲ. ಬಂದರಿನ ಕಡೆಯ ಚರ್ಚಿನ ಹುಡುಗರಿಗೆ ಕೊಟ್ಟು, ಅವರಲ್ಲಿದ್ದ ದನಿ ಸತ್ತ ಇನ್ನೊಂದನ್ನು ತಂದ. ಅದರ ಪಿಕಪ್ ಸುಟ್ಟಿತ್ತು. ತಂತಿಯ ಕೆಳಗಿರುವ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಅದೇ ಪಿಕಪ್ಪು. ವಾದ್ಯದ ಕಿವಿ ಇದ್ದ ಹಾಗೆ. ಅದನ್ನು ಹೊಸದಾಗಿ ಸುತ್ತಲು ಅಪ್ಪ ಅಮ್ಮನ ಹೊಲಿಗೆ ಮಷೀನು ತೆಗೆದುಕೊಂಡ. ಅಮ್ಮ ಬಿಟ್ಟುಹೋಗಿದ್ದ ವಸ್ತುಗಳಲ್ಲಿ ಅದೇ ದೊಡ್ಡದು. ಚಕ್ರಕ್ಕೆ ಮರದ ತುಂಡು ಕಟ್ಟಿ, ಅದರ ಮೇಲೆ ಪಿಕಪ್ಪು ಕೂರಿಸಿ, ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾ ಇನ್ನೊಂದು ಕೈಯ ಎರಡು ಬೆರಳಿನ ನಡುವೆ ಎಳೆಯನ್ನು ಬಿಡುತ್ತಿದ್ದ. ನಾನು ಎದುರು ಕೂತು ಎಳೆ ಸಿಕ್ಕಾಗದ ಹಾಗೆ ನೋಡಿಕೊಳ್ಳಬೇಕು. ಎಳೆ ತುಂಡಾದರೆ ಮೊದಲಿಂದ. ಆ ಗಂಟೆಗಳಲ್ಲಿ ನಾವು ಒಂದು ಮಾತೂ ಆಡುತ್ತಿರಲಿಲ್ಲ. ಅಪ್ಪನ ಜೊತೆ ನಾನು ಕಳೆದ ಒಳ್ಳೆಯ ಹೊತ್ತು ಯಾವುದು ಎಂದು ಈಗ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಸಂಕ್ರಾಂತಿಗೆ ಅಮ್ಮ ಬಂದಾಗ ಮಷೀನಿನ ಚಕ್ರಕ್ಕೆ ಇನ್ನೂ ಆ ಮರದ ತುಂಡು ಇತ್ತು, ಅರ್ಧ ಸುತ್ತಿದ ಪಿಕಪ್ಪಿನ ಸಮೇತ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಎಳೆ ತುಂಡಾಗದ ಹಾಗೆ ನಿಧಾನವಾಗಿ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಷೀನಿಗೆ ಎಣ್ಣೆ ಬಿಟ್ಟು, ತಾನು ತಂದಿದ್ದ ಬಟ್ಟೆಯಲ್ಲಿ ನನಗೊಂದು ಲಂಗ ಹೊಲಿದಳು. ಹೊಲಿದಾದ ಮೇಲೆ ಮರದ ತುಂಡನ್ನು ಮತ್ತೆ ಚಕ್ರಕ್ಕೆ ಕಟ್ಟಿ, ಇದ್ದ ಹಾಗೇ ಇಟ್ಟಳು. ಅಪ್ಪ ಅಲ್ಲೇ ನಿಂತಿದ್ದ.

“ಬೇಕಾದ್ರೆ ಮಷೀನು ತಗೊಂಡು ಹೋಗು,” ಅಂದ.

“ನಿಮಗೆ ಕೆಲಸಕ್ಕೆ ಬರ್ತಿದೆಯಲ್ಲ, ಇರಲಿ,” ಅಂದಳು ಅಮ್ಮ.

ಒಳಗೆ ಎಳ್ಳುಬೆಲ್ಲ ಕೂಡಿಸುತ್ತಿದ್ದ ಅಜ್ಜಿ ಇಬ್ಬರಿಗೂ ಕೇಳಿಸಲಿ ಎಂದೇ ತಟ್ಟೆಯನ್ನು ಕುಕ್ಕಿದಳು.

ಆ ವರ್ಷದಿಂದ ಅಮ್ಮ ಬರುವುದು ಕಡಿಮೆಯಾಗಿ, ನಾವು ಹೋಗುವುದು ಶುರುವಾಯಿತು. ಶನಿವಾರ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ವಿಜಯವಾಡ, ಹಳಬರ ಬಾಯಲ್ಲಿ ಬೆಜವಾಡ. ಅಜ್ಜಿ ಕಟ್ಟಿಕೊಟ್ಟ ಪುಳಿಯೋಗರೆ, ನನ್ನ ಶಾಲೆಯ ಚೀಲ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಬಾಸು. ಗೋದಾವರಿ ಸೇತುವೆ ಬಂದಾಗ ಎಲ್ಲರೂ ನೀರಿಗೆ ನಾಣ್ಯ ಎಸೆದು ಕೈ ಮುಗಿಯುತ್ತಿದ್ದರು. ಅಪ್ಪ ಬಾಸು ಜಾರದ ಹಾಗೆ ಹಿಡಿದುಕೊಂಡಿರುತ್ತಿದ್ದ. ವಿಜಯವಾಡದಲ್ಲಿ ಜಾನ್ ಬಾಬು ಎಂಬುವನಿದ್ದ. ಹಗಲು ಲಾರಿಗಳ ಬಿಡಿಭಾಗದ ಅಂಗಡಿಯಲ್ಲಿ ಕೆಲಸ, ಸಂಜೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾಸು, ಭಾನುವಾರ ಚರ್ಚಿನಲ್ಲಿ. ಕೃಷ್ಣೆಯಿಂದ ಆಚೆ ಗುಂಟೂರಿನವರೆಗೂ ಯಾವ ಊರಲ್ಲಿ ಯಾರ ಮನೆಯ ಅಟ್ಟದ ಮೇಲೆ ಎಂಥ ಗಿಟಾರು ಬಿದ್ದಿದೆ ಎಂಬುದು ಅವನಿಗೆ ಗೊತ್ತು. ಅಪ್ಪ ಸರಿ ಮಾಡಿದ್ದನ್ನು ಅವನಿಗೆ ಕೊಡುವುದು, ಅವನು ಹುಡುಕಿಟ್ಟ ಕೆಟ್ಟದ್ದನ್ನು ತರುವುದು. ಅದರಲ್ಲಿ ಲಾಭ ನಷ್ಟದ ಮಾತೇ ಇರಲಿಲ್ಲ. ನಿಲ್ದಾಣದಲ್ಲಿ ನಮ್ಮನ್ನು ಕಾಯುತ್ತಿದ್ದವನು ಅವನೇ. ದೂರದಿಂದಲೇ ಕೈ ಎತ್ತಿ, “ಏಮಂಡೀ ಸಾರ್! ಈ ಸಲ ಒಂದು ಸಿಕ್ಕಿದೆ, ನೋಡಿದ್ರೆ ನಿಮಗೆ ಕಣ್ಣೀರು ಬರುತ್ತೆ,” ಅಂತ ತೆಲುಗಿನಲ್ಲಿ ಕೂಗುತ್ತಿದ್ದ. ಅಪ್ಪ ಆಗ ನಗುತ್ತಿದ್ದ. ಹಲ್ಲು ಕಾಣುವ ಹಾಗೆ ಅಪ್ಪ ನಕ್ಕಿದ್ದನ್ನು ನಾನು ನೋಡಿರುವುದು ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ.

ಅಪ್ಪ ನನ್ನನ್ನು ಅಮ್ಮನ ಮನೆ ಬಾಗಿಲಿಗೆ ಬಿಟ್ಟು ಜಾನ್ ಬಾಬುವಿನ ಜೊತೆ ಹೋಗಿಬಿಡುತ್ತಿದ್ದ. ಅಮ್ಮ ಇದ್ದದ್ದು ಹಳೇ ಊರಿನಲ್ಲಿ, ಇಂದ್ರಕೀಲಾದ್ರಿ ಗುಡ್ಡದ ಬುಡದ ಒಂದು ಏರು ಸಂದಿಯಲ್ಲಿ, ಮಹಡಿ ಮೇಲಿನ ಒಂಟಿ ಕೋಣೆ. ಮಂಚ, ಮೇಜು, ಸೀಮೆಎಣ್ಣೆ ಸ್ಟವ್ವು. ಕಿಟಕಿಯಿಂದ ಗುಡ್ಡದ ಬಂಡೆ ಎಷ್ಟು ಹತ್ತಿರವೆಂದರೆ ಹಗಲಿಡೀ ಕಾದ ಶಾಖ ಸಂಜೆಯವರೆಗೂ ಒಳಗೆ ಬರುತ್ತಿತ್ತು. ಅಮ್ಮ ಬ್ಯಾಂಕಿನ ಸೀರೆಯಲ್ಲೇ ನನಗೆ ಉಪ್ಪಿಟ್ಟು ಮಾಡಿಕೊಡುತ್ತಿದ್ದಳು. ನಾನು ತಿನ್ನುವುದನ್ನು ನೋಡುತ್ತಾ ಕೇಳುತ್ತಿದ್ದಳು:

“ಅಪ್ಪ ಏನಂದ್ರು?”

“ಏನೂ ಅನ್ಲಿಲ್ಲ.”

“ನನ್ನ ವಿಷಯ ಏನಾದ್ರೂ?”

“ಇಲ್ಲಮ್ಮ.”

“ಸರಿ. ಇನ್ನೊಂಚೂರು ಹಾಕಿಸ್ಕೋ.”

ಒಂದು ಸಲ ಭಾನುವಾರದ ಊಟಕ್ಕೆ ಅಪ್ಪನೂ ಇದ್ದ. ಅಮ್ಮ ಅವನಿಗೆ ಬಡಿಸುತ್ತಾ, ಮೂರು ವರ್ಷ ತುಂಬಿತು, ಈಗ ವಾಪಸ್ ವೈಜಾಗಿಗೆ ವರ್ಗ ಕೇಳಬಹುದು, ಕೇಳಿದವರಿಗೆ ಕೊಡುತ್ತಿದ್ದಾರೆ ಅಂದಳು. ಆಮೇಲೆ ಬಡಿಸುವುದನ್ನು ನಿಲ್ಲಿಸಿ ಕೇಳಿದಳು:

“ಕೇಳಲೇನ್ರೀ?”

ಅಪ್ಪ ತಟ್ಟೆಯಿಂದ ತಲೆ ಎತ್ತಿದ. ಅವನ ಬಾಯಿ ಸ್ವಲ್ಪ ತೆರೆಯಿತು. ಅವನು ‘ಬಾ’ ಅನ್ನುತ್ತಾನೆ ಎಂದು ನನಗೆ ಅನ್ನಿಸಿತು. ಅದು ಒಂದೇ ಅಕ್ಷರ.

“ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು,” ಅಂದ.

ಅಮ್ಮ ವರ್ಗ ಕೇಳಲಿಲ್ಲ. ಕೆಳಗಿನ ಸಂದಿಯಲ್ಲೇ ಎರಡು ಕೋಣೆಯ ಮನೆ ಹಿಡಿದಳು. ಅಪ್ಪನಿಗೆ ಅಮ್ಮ ಬೇಡವಾಗಿದ್ದಳೆಂದು ನಾನು ಎಂದೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಕೇಳಿ ಪಡೆಯುವುದು ಅವನಿಗೆ ಬರುತ್ತಿರಲಿಲ್ಲ. ಅಮ್ಮನಿಗೆ ಕರೆಯದೆ ಬರುವುದು ಬರುತ್ತಿರಲಿಲ್ಲ. ಇಬ್ಬರೂ ಕೆಟ್ಟವರಲ್ಲ, ಇಬ್ಬರಿಗೂ ನನ್ನ ಮೇಲೆ ಪ್ರೀತಿ ಇತ್ತು. ನನಗೆ ಆ ದಿನಗಳಲ್ಲಿ ಇದೆಲ್ಲ ಹವಾಮಾನದ ಹಾಗೆ ಇತ್ತು. ಸೆಖೆ ಅಂದರೆ ಸೆಖೆ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನಗಾಗಿ ಒಂದು ಬಾಸು ಮಾಡಿದ. ಅಷ್ಟು ಹೊತ್ತಿಗೆ ಅವನು ಹೇಳಿಕೊಡದೆಯೇ ನಾನು ಬಾರಿಸುವುದನ್ನು ಕಲಿತಿದ್ದೆ. ಆದರೆ ನನ್ನ ತೋಳಿಗೆ ಕತ್ತು ಉದ್ದ, ಕೆಳಗಿನ ಸ್ವರಗಳು ಕೈಗೆ ಸಿಗುತ್ತಿರಲಿಲ್ಲ. ಅಪ್ಪ ಒಂದು ಹಳೇ ಬಾಸನ್ನು ಕಲ್ಲಿನ ಮೇಲೆ ಇಟ್ಟು, ಮೂರನೇ ಪಟ್ಟಿಯ ಹತ್ತಿರ ಗರಗಸ ಹಾಕಿ ತಲೆಯನ್ನು ಕೊಯ್ದ. ನಡುವಿನ ತುಂಡು ತೆಗೆದು, ಎರಡೂ ಕಡೆ ಓರೆಯಾಗಿ ಕೆತ್ತಿ, ತಲೆಯನ್ನು ಮತ್ತೆ ಮೋಟು ಕತ್ತಿಗೆ ಅಂಟಿಸಿದ.

“ಕುತ್ತಿಗೆ ಕೊಯ್ದು ತಲೆ ಅಂಟಿಸೋಕೆ ನೀನೇನು ಶಿವನೇನೋ?” ಅಂದಳು ಅಜ್ಜಿ. “ನಮ್ಮ ಗಣಪತಿ ಆಗುತ್ತೋ ಏನೋ, ನೋಡು.”

ಅಂಟು ಒಣಗುವವರೆಗೆ ಅವಳೇ ಅದನ್ನು ಗಣಪತಿ ಎಂದು ಕರೆದಳು. ಆಮೇಲೆ ನಾವೂ ಹಾಗೇ ಕರೆದೆವು. ಕತ್ತಿನ ಹಿಂಭಾಗವನ್ನು ಅಪ್ಪ ನನ್ನ ಅಂಗೈ ಅಳತೆಗೆ ಕೆತ್ತಿದ. ನಾನು ಹಿಡಿದು ತೋರಿಸುವುದು, ಅವನು ಒಂದು ಸಿಪ್ಪೆ ತೆಗೆಯುವುದು, ಮತ್ತೆ ಹಿಡಿಯುವುದು. ಯುಗಾದಿಯ ಹೊತ್ತಿಗೆ ಕ್ಲಬ್ಬಿನಲ್ಲಿ ಕಾರ್ಯಕ್ರಮವಿತ್ತು. ಕಾರ್ಖಾನೆಯ ಕನ್ನಡದವರು, ತೆಲುಗಿನವರು, ಬಂಗಾಳಿಗಳು ಎಲ್ಲ ಸೇರಿದ ಆರ್ಕೆಸ್ಟ್ರಾ. ಅಪ್ಪ ಬಾರಿಸಬೇಕಿದ್ದ ಜಾಗದಲ್ಲಿ ಎರಡು ಹಾಡಿಗೆ ನನ್ನನ್ನು ನಿಲ್ಲಿಸಿದ. ಲಂಗ ದಾವಣಿ ಹಾಕಿಕೊಂಡು ಬಾಸು ಹಿಡಿದ ಹುಡುಗಿಯನ್ನು ಆ ಸಭೆ ಮೊದಲ ಬಾರಿ ನೋಡಿದ್ದು. ಮುಂದಿನ ಸಾಲಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎರಡನೇ ಸಾಲಿನಿಂದ ಅಜ್ಜಿ, “ಆ ದಪ್ಪ ದನಿ ಇದೆಯಲ್ಲ, ಅದು ನಮ್ಮದು,” ಎಂದು ಅಕ್ಕಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತಿದ್ದದ್ದು ವೇದಿಕೆಗೇ ಕೇಳಿಸಿತು. ನನ್ನ ಎದೆಗೆ ಒತ್ತಿದ ಮರ ಪ್ರತಿ ಸ್ವರಕ್ಕೂ ನಡುಗುತ್ತಿತ್ತು. ಆ ವರ್ಷಗಳಲ್ಲಿ ನನ್ನೊಳಗೆ ಏನಾದರೂ ಅಲುಗಾಡಿದ್ದು ನೆನಪಿದ್ದರೆ ಅದೊಂದೇ. ಅಮ್ಮನಿಗೆ ಹೇಳಿ ಕಳಿಸಿದ್ದೆ. ಆಡಿಟ್ ಇದೆ, ಬರಲಾಗುವುದಿಲ್ಲ ಅಂದಿದ್ದಳು.

ಅದರ ಮುಂದಿನ ವಿಜಯವಾಡದ ಸರದಿಗೆ ಅಪ್ಪ ಗಣಪತಿಯನ್ನೂ ಬೆಡ್‌ಶೀಟಿನಲ್ಲಿ ಸುತ್ತಿದ. ಜಾನ್ ಬಾಬುವಿಗೆ ತೋರಿಸಲು ಇರಬೇಕು ಎಂದುಕೊಂಡೆ. ಭಾನುವಾರ ಸಂಜೆ ವಾಪಸಿನ ರೈಲಿನಲ್ಲಿ ಅಪ್ಪ ಬೆಡ್‌ಶೀಟು ಬಿಡಿಸಿದಾಗ ಒಳಗೆ ಬೇರೆಯೇ ಒಂದು ಇತ್ತು. ಕಪ್ಪು ಮೈ, ನಡುವೆ ಉದ್ದಕ್ಕೆ ಸೀಳು, ಯಾವುದೋ ಹೋಟೆಲಿನ ಬೆಂಕಿಯಲ್ಲಿ ಅರ್ಧ ಕರಟಿದ್ದು.

“ಅಪ್ಪಾ, ನಂದು ಎಲ್ಲಿ?”

“ಜಾನ್ ಬಾಬುವಿನ ಅಣ್ಣನ ಮಗಳಿಗೆ ಸಣ್ಣದು ಬೇಕಿತ್ತಂತೆ. ಇದನ್ನ ನೋಡು ಸುಮಿ, ಇದರ ಮರ ನೋಡು. ಇಂಥ ಮರ ಈಗ ಸಿಗಲ್ಲ. ಇದಕ್ಕೆ ಜೀವ ಬಂದ್ರೆ...”

ಅವನ ಕಣ್ಣು ಹೊಳೆಯುತ್ತಿತ್ತು. ನನ್ನನ್ನು ನೋಯಿಸಬೇಕೆಂದು ಅವನು ಮಾಡಿರಲಿಲ್ಲ. ನನಗೆ ನೋವಾಗಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ನಾನು ಆ ಕರಟಿದ ಮರವನ್ನು ಮುಟ್ಟಿ ನೋಡಿದೆ. “ಒಳ್ಳೇ ಮರ,” ಅಂದೆ. ಅಮ್ಮ ಕಟ್ಟಿಕೊಟ್ಟಿದ್ದ ಚಪಾತಿ ಬಿಚ್ಚಿ ಅಪ್ಪನಿಗೆ ಕೊಟ್ಟು ನಾನೂ ತಿಂದೆ. ಅಳು ಬರಬೇಕಿತ್ತು ಎಂದು ಗೊತ್ತಾಗುತ್ತಿತ್ತು. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯನ್ನು ಬೆರಳಿನಿಂದ ಒತ್ತಿ ನೋಡುತ್ತೇವಲ್ಲ, ಹಾಗೆ ಒಳಗೆ ಒತ್ತಿ ನೋಡಿಕೊಂಡೆ. ಏನೂ ಇರಲಿಲ್ಲ. ಮನೆಗೆ ಬಂದ ಮೇಲೆ ಗಲಾಟೆ ಮಾಡಿದವಳು ಅಜ್ಜಿ. ಅಪ್ಪನ ಮುಂದೆ ನಿಂತು, ಮಗುವಿನ ಕೈಯಿಂದ ಕಿತ್ತುಕೊಟ್ಟೆಯಲ್ಲೋ ಎಂದು ಕೂಗಾಡಿದಳು. ಅಪ್ಪ ನಿಜವಾಗಿ ಗಾಬರಿಯಾದ. “ಅವಳು ಏನೂ ಹೇಳಲಿಲ್ಲವಲ್ಲಮ್ಮ,” ಅಂದ. “ಬೇಕಾದ್ರೆ ಇನ್ನೊಂದು ಮಾಡ್ತೀನಿ.”

ಅಜ್ಜಿ ಅಡುಗೆಮನೆಗೆ ಬಂದು, ಕಾಯಿ ತುರಿಯುತ್ತಿದ್ದ ನನ್ನ ಪಕ್ಕ ಕೂತಳು.

“ನಿಮ್ಮಪ್ಪನಿಗೆ ಕೆಟ್ಟಿದ್ದು ಮಾತ್ರ ಕಣ್ಣಿಗೆ ಬೀಳುತ್ತೆ ಕಣೇ. ನೆಟ್ಟಗಿರೋದು ಅವನಿಗೆ ಕಾಣಲ್ಲ.”

ಇನ್ನೊಂದು ಮಾಡಲು ಅಪ್ಪ ಶುರುಮಾಡಿದ ಕೂಡ. ನಾನೇ ಬೇಡ ಅಂದೆ, ಹತ್ತನೇ ಕ್ಲಾಸು, ಓದಬೇಕು ಅಂತ. ಪರೀಕ್ಷೆ ಮುಗಿದ ಮೇಲೆ ಅಮ್ಮ, ಇಂಟರ್‌ಮೀಡಿಯೆಟ್‌ಗೆ ವಿಜಯವಾಡಕ್ಕೆ ಕಳಿಸಿ, ಇಲ್ಲಿ ಕಾಲೇಜುಗಳು ಚೆನ್ನಾಗಿವೆ ಅಂದಳು. ಅಪ್ಪ ನನ್ನತ್ತ ತಿರುಗಿ ನಿನ್ನಿಷ್ಟ ಅಂದ. ನಾನು ಹೋಗುತ್ತೇನೆ ಅಂದೆ. ಹೋಗಬೇಕೆಂದು ಅನ್ನಿಸಿ ಅಲ್ಲ. ಇರಬೇಕೆಂದೂ ಅನ್ನಿಸಲಿಲ್ಲ, ಅದಕ್ಕೆ. ಅಜ್ಜಿ ಮಾತ್ರ ನನ್ನ ಟ್ರಂಕಿಗೆ ಹುಳಿಪುಡಿ, ಸಾರಿನಪುಡಿ ತುಂಬುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ಜೂನ್ ತಿಂಗಳ ಒಂದು ಶನಿವಾರ ಅಪ್ಪ ನನ್ನ ಟ್ರಂಕು ಹೊತ್ತು ಆ ಸಂದಿ ಏರಿದ. ರೋಹಿಣಿ ಕಾರ್ತೆಗೆ ಬಂಡೆ ಒಡೆಯುತ್ತದೆ ಎಂದು ಅಲ್ಲಿನವರು ಹೇಳುವ ಮಾತು ನಿಜವೇ ಇರಬೇಕು, ಅಂಥ ಬಿಸಿಲು. ಅಮ್ಮ ರಜೆ ಹಾಕಿ ಒತ್ತು ಶಾವಿಗೆಗೆ ಹಿಟ್ಟು ಬೇಯಿಸಿ ಇಟ್ಟಿದ್ದಳು. ಶಾವಿಗೆ ಒತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅಪ್ಪ ಅಂಗಿ ಬಿಚ್ಚಿ ಒರಳಿನ ಹಿಡಿ ತಿರುಗಿಸಿದ, ಅಮ್ಮ ಕೆಳಗೆ ತಟ್ಟೆ ಹಿಡಿದು ಸುತ್ತುತ್ತಾ ಎಳೆಗಳನ್ನು ಬರಮಾಡಿಕೊಂಡಳು. ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. “ನಿಧಾನ,” ಅಂದಳು ಅಮ್ಮ. “ಹೂಂ,” ಅಂದ ಅಪ್ಪ. ಕಾಯಿಹಾಲು ಹಾಕಿಕೊಂಡು ಮೂವರೂ ಉಂಡೆವು. ಉಂಡ ಮೇಲೆ ಅಪ್ಪ ಮನೆಯನ್ನೆಲ್ಲ ಸುತ್ತಿ ನೋಡಿದ. ಸೋರುವ ನಲ್ಲಿಗೆ ವಾಷರು ಹಾಕಿದ. ಕೂರದ ಚಿಲಕವನ್ನು ಬಿಚ್ಚಿ ಕೂರಿಸಿದ. ಕಿಡಿ ಹಾರುತ್ತಿದ್ದ ಸ್ವಿಚ್ಚು ಬದಲಿಸಿದ. ಆಮೇಲೆ ಸ್ಕ್ರೂಡ್ರೈವರು ಹಿಡಿದುಕೊಂಡೇ ಕೋಣೆಯ ನಡುವೆ ನಿಂತ.

“ಇನ್ನೇನಾದ್ರೂ ಕೆಟ್ಟಿದೆಯಾ?”

ಅಮ್ಮ ಒರೆಸಿದ್ದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದಳು.

“ಇಲ್ಲ. ಎಲ್ಲ ಸರಿಯಾಗಿದೆ.”

“ಹಾಗಾದ್ರೆ ಸಾಯಂಕಾಲದ ಗಾಡಿಗೇ ಹೊರಟುಬಿಡ್ತೀನಿ.”

ಅವನು ಹೊರಟ. ಸಂದಿಯ ತಿರುವಿನಲ್ಲಿ ಹಿಂತಿರುಗಿ ನೋಡಿ ಕೈ ಎತ್ತಿದ. ಅಲ್ಲಿಂದಾಚೆ ಅವರಿಬ್ಬರೂ ಒಂದೇ ಮನೆಯಲ್ಲಿ ಬಾಳಲಿಲ್ಲ. ಬೇರೆಯಾದೆವು ಎಂದೂ ಯಾರೂ ಹೇಳಲಿಲ್ಲ. ಮದುವೆ ಮುಂಜಿಗಳಿಗೆ ಇಬ್ಬರೂ ಬರುತ್ತಿದ್ದರು, ಪಕ್ಕಪಕ್ಕ ಕೂತು ಉಣ್ಣುತ್ತಿದ್ದರು, ಅವರವರ ಗಾಡಿ ಹತ್ತುತ್ತಿದ್ದರು.

ನನ್ನ ಟ್ರಂಕನ್ನು ಮಂಚದ ಕೆಳಗೆ ತಳ್ಳುವಾಗಲೇ ಅಲ್ಲಿ ಹಳೇ ಸೀರೆಯಲ್ಲಿ ಸುತ್ತಿದ್ದ ಏನೋ ಉದ್ದದ್ದು ತಾಗಿತ್ತು. ಅದರ ಆಕಾರ ನನಗೆ ಕತ್ತಲಲ್ಲೂ ಗೊತ್ತಾಗುವಂಥದ್ದು. ಅಮ್ಮ ಹೇಳಲಿ ಎಂದು ಕಾದಿದ್ದೆ, ಅಮ್ಮ ಹೇಳಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಫಿಯಾದ ಮೇಲೆ ಅದನ್ನು ಹೊರಗೆ ಎಳೆದೆ. ಒಂದು ಬಾಸು. ಕತ್ತು ಮೈಯಿಂದ ಕಳಚಿಕೊಂಡು ತಂತಿಗಳಲ್ಲಿ ನೇತಾಡುತ್ತಿತ್ತು. ಕತ್ತನ್ನು ಹಿಡಿಯುವ ಸ್ಕ್ರೂಗಳ ತೂತುಗಳು ಸವೆದು ಅಗಲವಾಗಿದ್ದವು.

“ಇದು ಯಾರದ್ದಮ್ಮ?”

“ಯಾರದ್ದೂ ಅಲ್ಲ. ಜಾನ್ ಬಾಬು ಹತ್ರ ಕೇಳಿ ಇಸ್ಕೊಂಡೆ. ನಿಮ್ಮಪ್ಪ ಬಂದಾಗ ಕೊಡೋಣ ಅಂತ.”

“ಮತ್ತೆ ಯಾಕೆ ಕೊಡ್ಲಿಲ್ಲ?”

ಅಮ್ಮ ಕಾಫಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

“ಇದನ್ನ ನೋಡಿದ್ರೆ ಉಳ್ಕೊಂಡುಬಿಡ್ತಿದ್ರು. ಇದಕ್ಕೋಸ್ಕರ ಉಳ್ಕೊಳ್ಳೋದು ಬೇಡ ಅನ್ನಿಸ್ತು.”

ಬೆಂಕಿಪೆಟ್ಟಿಗೆ ಇದೆಯಾ ಎಂದು ಕೇಳಿದೆ. ಸವೆದ ತೂತಿಗೆ ಬೆಂಕಿಕಡ್ಡಿ ತುಂಬಿ ಅಂಟು ಬಿಟ್ಟು ಒಣಗಿಸಿದರೆ ಸ್ಕ್ರೂ ಮತ್ತೆ ಬಿಗಿಯಾಗಿ ಕೂರುತ್ತದೆ. ಅಮ್ಮ ನನ್ನೆದುರು ನೆಲದ ಮೇಲೆ ಕೂತು, ಕಡ್ಡಿಗಳ ಮದ್ದಿನ ತಲೆಯನ್ನು ಉಗುರಿನಿಂದ ಮುರಿದು ಒಂದೊಂದೇ ನನ್ನ ಕೈಗೆ ಕೊಟ್ಟಳು. ನಾನು ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿದೆ. ಹೊರಗೆ ಚಾಚಿದ್ದನ್ನು ಈಳಿಗೆಮಣೆಯಲ್ಲಿ ಸವರಿದೆ. ಬಿಸಿಲು ತಾರಸಿಯ ಮೇಲೆ ಕೆಂಡದ ಹಾಗೆ ಇತ್ತು, ಮಧ್ಯಾಹ್ನಕ್ಕೆಲ್ಲ ಅಂಟು ಕಲ್ಲಾಯಿತು. ಕತ್ತು ಕೂರಿಸಿ, ಅಪ್ಪ ಮರೆತು ಬಿಟ್ಟುಹೋಗಿದ್ದ ಸ್ಕ್ರೂಡ್ರೈವರಿನಿಂದ ಬಿಗಿದು, ತಂತಿ ಎಳೆದು ಶ್ರುತಿ ಮಾಡಿದೆ. ಆ ಮನೆಯಲ್ಲಿ ಆಂಪ್ಲಿಫೈಯರು ಎಲ್ಲಿಯದು? ಅದಿಲ್ಲದಿದ್ದರೆ ಬಾಸಿನ ದನಿ ಸೊಳ್ಳೆಯ ಗುಂಯ್‌ಗಿಂತ ಹೆಚ್ಚಲ್ಲ. ಆದರೆ ಅದರ ತಲೆಯನ್ನು ದೊಡ್ಡ ಮರಕ್ಕೆ ಒತ್ತಿ ಹಿಡಿದರೆ ಆ ಮರವೇ ದನಿಗೂಡುತ್ತದೆ. ಎರಡು ಕೋಣೆಗಳ ನಡುವೆ ಹಳೇ ತೇಗದ ಬಾಗಿಲಿತ್ತು, ಅಮ್ಮ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಬಾಸಿನ ತಲೆಯನ್ನು ಅವಳ ಭುಜದ ಪಕ್ಕ ಬಾಗಿಲಿಗೆ ಒತ್ತಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದೆ.

ಬಾಗಿಲು ಪೂರ್ತಿ ಮೊರೆಯಿತು. ಅಮ್ಮ ಬೆಚ್ಚಿದಳು, ಆದರೆ ಏಳಲಿಲ್ಲ. ಮತ್ತೆ ಮೀಟಿದೆ. ಅವಳು ತಲೆಯನ್ನೂ ಹಿಂದಕ್ಕೆ ಬಾಗಿಲಿಗೆ ಆನಿಸಿ ಕಣ್ಣು ಮುಚ್ಚಿಕೊಂಡಳು. ನಾನು ಯಾವುದೋ ಒಂದು ಸಾಲನ್ನು, ಹೆಸರಿಲ್ಲದ್ದನ್ನು, ನಿಧಾನವಾಗಿ ಬಾರಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅವಳ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು, ಬಾಯಿ ಸೊಟ್ಟಗಾಯಿತು. ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಸನ್ನು ಕೆಳಗಿಟ್ಟು ಅವಳ ಪಕ್ಕ ಕೂರಬೇಕಿತ್ತು, ಕೈ ಹಿಡಿಯಬೇಕಿತ್ತು, ಅಥವಾ ಯಾಕಮ್ಮ ಎಂದು ಕೇಳಬೇಕಿತ್ತು. ನಾನು ತಂತಿಯ ಮೇಲೆ ಅಂಗೈ ಇಟ್ಟು ದನಿ ನಿಲ್ಲಿಸಿದೆ.

“ಜೋರಾಯ್ತೇನಮ್ಮ?” ಅಂದೆ.